ರೆಡಿ ಡಬ್ಬಿಯೋ, ಜೋಡಿಸಿದ್ದೋ?

ನಮಸ್ಕಾರ್ರೀ, ಕೇಳುಗರಿಗೆಲ್ಲಾ.

ಹುಬ್ಬಳ್ಳಿ ಕೊಪ್ಪಿಕರ ರಸ್ತೆ ಹಿಂದಿನ ಓಣ್ಯಾಗ ನನ್ನದೊಂದು ಸಣ್ಣ ಅಂಗಡಿ. ಕಂಪ್ಯೂಟರ್ ಜೋಡಸೂದು, ಬಿಚ್ಚೂದು, ರಿಪೇರಿ ಮಾಡೂದು, ಇಪ್ಪತ್ತು ವರ್ಷದ ಮ್ಯಾಲಾತು. ಆಕಾಶವಾಣಿ ಧಾರವಾಡದವರು ಕರದು, ಹೊಸಾ ಕಂಪ್ಯೂಟರ್ ತಗೊಳ್ಳೋರಿಗೆ ಒಂದೀಟು ತಿಳಿಸಿ ಹೇಳ್ರಿ ಅಂದಾರ. ಹೇಳತೀನಿ. ಆದ್ರ ನಾ ಹೇಳೂದು ಒಂದ ಮಾತು, ಅದನ್ನ ತಿರುಗಾಮುರಗಾ ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಅಂಗಡಿಗೆ ಬಂದಾವ್ರು ಕಟ್ಟಿ ಹತ್ತೂಕಿಂತ ಮೊದಲ ಕೇಳತಾರ: "ಅಣ್ಣಾರ, ಕಂಪನಿ ರೆಡಿ ಮಾಲು ಛಲೋನೋ, ಅಸೆಂಬಲ್ ಮಾಡಸೂದು ಛಲೋನೋ?" ಅದರ ಬೆನ್ನಿಗೇ ಇನ್ನೊಂದು: "ಯಾವುದು ಸೋವಿ?" ನಾ ತಿರುಗಿ ಕೇಳತೀನಿ: "ಎಸ್‌ಎಂಪಿಎಸ್ ಯಾವುದು?" ಆಗ ಮಾರಿ ಮಾರಿ ನೋಡತಾರ. ಪ್ರೊಸೆಸರ್ ಹೆಸರು ಬಾಯಿಪಾಠ ಮಾಡ್ಕೊಂಡು ಬಂದಿರತಾರ, ಒಳಗ ಬಣ್ಣಬಣ್ಣದ ಲೈಟು ಬೇಕಂತಾರ, ಎಸ್‌ಎಂಪಿಎಸ್ ಮಾತ್ರ ಯಾರೂ ಕೇಳಂಗಿಲ್ಲ.

ನೀವೆಲ್ಲಾ ಸಿಪಿಯು ಅಂತ ಕರೀತೀರಲ್ಲ, ಆ ಡಬ್ಬಿ ಹಿಂದ ಕರೆಂಟಿನ ವೈರ್ ಚುಚ್ಚೂ ಜಾಗಾ ಐತಿ ನೋಡ್ರಿ, ಅದರ ಒಳಗಿನ ತಗಡಿನ ಪೆಟ್ಟಿಗೀನ ಎಸ್‌ಎಂಪಿಎಸ್. ಮನಿಗೆ ಬರೂ ಕರೆಂಟು 230 ವೋಲ್ಟ್ ಎಸಿ. ಒಳಗಿನ ಭಾಗಗಳಿಗೆ ಬೇಕಾಗಿದ್ದು 12, 5, 3.3 ವೋಲ್ಟ್ ಡಿಸಿ. ನಡುವ ನಿಂತು ಅಳತಿ ಮಾಡಿ ಬಡಸಾಂವ ಎಸ್‌ಎಂಪಿಎಸ್. ಪಂಕ್ತ್ಯಾಗ ಬಡಸಾಂವ ತಪ್ಪಿದ್ರ ಅವಂಗೇನೂ ಆಗಂಗಿಲ್ಲ, ಹೊಟ್ಟಿ ಕೆಡೂದು ಉಂಡಾವ್ರದು. ಇಲ್ಲೂ ಹಂಗ.

ನನಗ ಇದು ಹೆಂಗ ಗೊತ್ತಾತು ಅನ್ನೂದು ಹೇಳಬೇಕು.

2009ರಾಗ ಬ್ಯಾಡಗಿ ಮೆಣಸಿನಕಾಯಿ ಪೇಟ್ಯಾಗ ಒಬ್ಬ ಅಡತಿ ಸಾಹುಕಾರ್ರಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟೆ. ಅಲ್ಲೀತನಾ ಅವರ ಮುನೀಮ ರೈತರ ಮಾಲಿನ ಲೆಕ್ಕದ ಪಟ್ಟಿ ಕೈಲೆ ಬರೀತಿದ್ದ. ಟ್ಯಾಲಿ ಅನ್ನೂ ಲೆಕ್ಕದ ಸಾಫ್ಟ್‌ವೇರ್ ಹಾಕಿ, ಪ್ರಿಂಟರ್ ಹಚ್ಚಿ, ಪೂಜಾ ಮಾಡಿಸಿ, ಕಾಯಿ ಒಡಿಸಿ ಬಂದೆ. ಪ್ರೊಸೆಸರ್ ಛಲೋದು, ಎಲ್ಲಾ ಭಾಗ ಕೂಡೂ ಹಲಗಿ ಮದರ್‌ಬೋರ್ಡ್, ಅದೂ ಛಲೋದು. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ ಜೋಡಿ ಪುಗಸಟ್ಟೆ ಬಂದಿದ್ದನ್ನ ಬಿಟ್ಟೆ. ಬ್ಯಾರೆ ಹಾಕಿದ್ರ ಎಂಟುನೂರು ರೂಪಾಯಿ ಹೆಚ್ಚು ಬೀಳತಿತ್ತು. ಸಾಹುಕಾರ್ರನ್ನ ಕೇಳಲೂ ಇಲ್ಲ.

ಒಂದು ವರ್ಷ ಸುಮ್ಮನ ನಡೀತು. ಮುಂದಿನ ಸುಗ್ಗ್ಯಾಗ, ಫೆಬ್ರುವರಿ ತಿಂಗಳು, ಮಧ್ಯಾಹ್ನ ಫೋನ್ ಬಂತು. "ತಮ್ಮಾ, ನಿನ್ನ ಡಬ್ಬಿ ಪಟ್ ಅಂತು, ಹೊಗಿ ಬಂತು. ನಲವತ್ತು ಮಂದಿ ರೈತರು ಪಟ್ಟಿಗೆ ನಿಂತಾರ. ಈಗಿಂದೀಗ ಬಾ." ಹೊಸಾ ಎಸ್‌ಎಂಪಿಎಸ್ ತೊಡಿಮ್ಯಾಲೆ ಇಟಗೊಂಡು ರೈಲು ಹತ್ತಿದೆ. ಅದೊಂದ ಹೋಗಿರತೈತಿ ಅಂತ ನನ್ನ ಲೆಕ್ಕ.

ಹೋಗಿ ಬಾಜೂದ ಮುಚ್ಚಳ ತಗದೆ. ಒಳಗ ಕೆಂಪನ್ನ ಕೆಂಪು! ಫ್ಯಾನಿನ ರೆಕ್ಕಿಮ್ಯಾಲೆ ಮೆಣಸಿನಕಾಯಿ ಧೂಳು ಕೂತು, ಉಗುರಲೆ ಕೆರದ್ರ ಪದರ ಪದರ ಏಳತಿತ್ತು. ನಾ ಶಾಣ್ಯಾ, ಹಿಂದ ಮುಂದ ನೋಡದ ಬ್ಲೋವರ್ ಹಚ್ಚಿದೆ. ಅಷ್ಟರಿ. ನಾ ಸೀನಿದೆ, ಮುನೀಮ ಸೀನಿದ, ಸಾಹುಕಾರ್ರು ಸೀನಿದ್ರು, ಬಾಗಿಲಾಗ ನಿಂತ ರೈತರು ಸೀನಕೋತ ಸೀನಕೋತ ಅಂಗಳಕ್ಕ ಓಡಿದ್ರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮಿ ಅಂತಾರ. ಆ ಮಾತು ಅಡಗಿಮನ್ಯಾಗ ಖರೆ, ಕ್ಯಾಬಿನೆಟ್‌ನ್ಯಾಗ ಅಲ್ಲ.

ಕಣ್ಣು ಒರಸ್ಕೊಂಡು ಎಸ್‌ಎಂಪಿಎಸ್ ಬಿಚ್ಚಿದ್ರ, ದೊಡ್ಡ ಕೆಪಾಸಿಟರ್ ತಲಿ ಉಬ್ಬಿ ಒಡದಿತ್ತು, ಸುತ್ತಲೂ ಕಂದು ಕಲಿ. ಹೊಸಾದು ಹಚ್ಚಿದೆ. ಮದರ್‌ಬೋರ್ಡ್ ಏಳಲಿಲ್ಲ. ಹಾರ್ಡ್ ಡಿಸ್ಕ್ ತಗದು ಮುನೀಮನ ಮಗನ ಕಂಪ್ಯೂಟರಿಗೆ ಹಚ್ಚಿದೆ. ಅದೂ ತಿರಗಲಿಲ್ಲ. ಕರೆಂಟ್ ಹೋಗಿ ಬಂದಾಗ ಆ ಎಸ್‌ಎಂಪಿಎಸ್ ತಾನೊಂದ ಸಾಯಲಿಲ್ಲ, ಎರಡನ್ನೂ ಕರಕೊಂಡು ಹೋಗಿತ್ತು. ಟ್ಯಾಲಿ ಬ್ಯಾಕಪ್ ಹನ್ನೆರಡು ದಿನದ ಹಳೇದು. ಮುನೀಮ ಎರಡು ರಾತ್ರಿ ಕುಂತು ಪಟ್ಟಿ ಕಾರ್ಬನ್ ಪ್ರತಿ ನೋಡಿ ಎಲ್ಲಾ ಮತ್ತ ತುಂಬಿದ.

ಧೂಳಿನ ತಪ್ಪು ಅಂತೀರೇನು? ಬಾಜೂ ಅಂಗಡ್ಯಾಗ ಅದ ಧೂಳು, ಅದ ಕರೆಂಟು, ಇನ್ನೊಂದು ಕಂಪ್ಯೂಟರ್ ಆರಾಮ ಓಡತಿತ್ತು. ತಗದು ನೋಡಿದೆ. ಛಲೋ ಎಸ್‌ಎಂಪಿಎಸ್ ಇತ್ತು.

ಸಾಹುಕಾರ್ರು ಬೈಯಲಿಲ್ಲ. "ಎಷ್ಟು ಉಳಿಸಿದ್ದಿ?" ಅಂದ್ರು. "ಎಂಟುನೂರ್ರಿ." ಗಲ್ಲಾಪೆಟ್ಟಿಗೆ ತಗದು ಎಂಟು ನೂರರ ನೋಟು ಎಣಿಸಿ ನನ್ನ ಕೈಯಾಗ ಇಟ್ರು. "ಮುಂದ ಯಾರಿಗೆ ಜೋಡಿಸಿದ್ರೂ ಇದನ್ನ ಮೊದಲ ಹಾಕು." ಬೈದಿದ್ರ ಮರೀತಿದ್ದೆನೋ ಏನೋ.

ಈಗ ನೀವು ಮಾಡೂದೇನು? ಎಸ್‌ಎಂಪಿಎಸ್ ಬಾಜೂಕ ಒಂದು ಚೀಟಿ ಹಚ್ಚಿರತಾರ. ದೊಡ್ಡ ಅಕ್ಷರದಾಗ 450 ವ್ಯಾಟ್ ಅಂತ ಇರತೈತಿ. ಅದನ್ನ ಬಿಡ್ರಿ. ಕೆಳಗ ಸಣ್ಣ ಕೋಷ್ಟಕದಾಗ 12 ವೋಲ್ಟಿನ ಮನ್ಯಾಗ ಎಷ್ಟು ಆಂಪಿಯರ್ ಬರದಾರ ನೋಡ್ರಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣೂದು ಅಲ್ಲಿಂದ. 14 ಆಂಪಿಯರ್ ಅಂತಿದ್ರ, 12 ಹದಿನಾಕಲೆ 168 ವ್ಯಾಟ್. ಹೊರಗ 450, ಒಳಗ 168! ಛಲೋ ಕಂಪನೀದ 450 ವ್ಯಾಟಿನ ಪೆಟ್ಟಿಗ್ಯಾಗ ಅದ ಜಾಗಾದಾಗ 36ರ ಆಸುಪಾಸು ಇರತೈತಿ. "ಬರೇ ಬಿಲ್ಲು ಹರಿಯೂ ಕಂಪ್ಯೂಟರಿಗೆ 168 ಸಾಕಲ್ಲ" ಅಂತ ಯಾರರ ಅಂಗಡ್ಯಾಂವ ಅಂದಾನು. ಲೆಕ್ಕಕ್ಕ ಸಾಕ್ರಿ. ಆದ್ರ ಚೀಟ್ಯಾಗ ಸುಳ್ಳು ಬರದಾಂವ ಒಳಗಿನ ಸಾಮಾನು ಖರೆ ಹಾಕಿರತಾನೇನು? 80 ಪ್ಲಸ್ ಅಂತ, ಕರೆಂಟ್ ಭಾಳ ಪೋಲು ಮಾಡಂಗಿಲ್ಲ ಅನ್ನೂ ಗುರುತು ಇದ್ದದ್ದು ತಗೋರಿ, ಕೈಯಾಗ ಎತ್ತಿ ನೋಡ್ರಿ. ಖಾಲಿ ಡಬ್ಬಿಯಂಗ ಹಗುರ ಇದ್ರ ತಿರುಗಿ ಕೊಡ್ರಿ.

ಮೊದಲಿನ ಪ್ರಶ್ನೆಕ್ಕ ಬರತೀನಿ, ರೆಡಿನೋ ಅಸೆಂಬಲ್ಲೋ. ಮಕ್ಕಳ ಓದು, ಅಂಗಡಿ ಬಿಲ್ಲು, ಅರ್ಜಿ ತುಂಬೂದು, ಇಷ್ಟ ಕೆಲಸ ಇದ್ದು, ಮನ್ಯಾಗ ಸ್ಕ್ರೂಡ್ರೈವರ್ ಹಿಡಿಯೋರು ಯಾರೂ ಇರದಿದ್ರ, ಕಂಪನಿ ರೆಡಿ ಮಾಲು ತಗೋರಿ. ನನ್ನ ಅಂಗಡಿಗೆ ಲುಕ್ಸಾನು, ಆದ್ರೂ ಹೇಳತೀನಿ. ಮೂರು ವರ್ಷದ ಆನ್‌ಸೈಟ್ ವಾರಂಟಿ ಇದ್ದದ್ದು ನೋಡ್ರಿ, ನಿಮ್ಮ ಊರಿನ ಪಿನ್‌ಕೋಡ್ ಹೇಳಿ ಅಲ್ಲೀತನಾ ರಿಪೇರಿಯವ ಬರತಾನೋ ಇಲ್ಲೋ ಬರಸ್ಕೋರಿ. ಮತ್ತ ಅಲ್ಲೂ ಎಸ್‌ಎಂಪಿಎಸ್ ಕೇಳ್ರಿ! ಸಣ್ಣ ಆಕಾರದ ರೆಡಿ ಡಬ್ಬ್ಯಾಗ ಭಾಳ ಕಡೆ ಕಂಪನಿ ತನ್ನ ಅಳತೀದ ಹಾಕಿರತೈತಿ. ವಾರಂಟಿ ಮುಗದ ಮ್ಯಾಲೆ ಅದು ಸುಟ್ರ ಪೇಟ್ಯಾಗಿಂದು ಅದರಾಗ ಕೂಡಂಗಿಲ್ಲ. ಪೇಟ್ಯಾಗ ಸಿಗೂ ಸಾಮಾನ್ಯ ಅಳತೀಗೆ ಎಟಿಎಕ್ಸ್ ಅಂತಾರ, "ಎಟಿಎಕ್ಸ್ ಸೈಜ್ ಹೌದಲ್ಲೋ?" ಅಂತ ಕೇಳ್ರಿ.

ಗದಗಿನ ಪ್ರೆಸ್ಸಿನವ್ರು, ಮುದ್ರಣ ಕಾಶಿ ಅಂತಾರಲ್ಲ ಅಲ್ಲಿಯವ್ರು, ಲಗ್ನಪತ್ರಿಕಿ ಡಿಸೈನ್ ಮಾಡೋರು, ವಿಡಿಯೋ ಎಡಿಟಿಂಗ್‌ನವ್ರು, ನೀವು ಜೋಡಸ್ರಿ. ಬೇಕಾದಲ್ಲಿ ರೊಕ್ಕ ಹಾಕಬಹುದು, ಎರಡು ವರ್ಷಕ್ಕ ಗ್ರಾಫಿಕ್ಸ್ ಕಾರ್ಡ್ ಅಷ್ಟ ಬದಲಾಯಿಸಬಹುದು. ಆದ್ರ ಇಲ್ಲಿ ಒಂದೊಂದು ಭಾಗಕ್ಕ ಒಂದೊಂದು ವಾರಂಟಿ. ಬಿಲ್ಲಿನ್ಯಾಗ ಎಲ್ಲಾದರ ಸೀರಿಯಲ್ ನಂಬರ್ ಬರಸ್ರಿ, ಎಸ್‌ಎಂಪಿಎಸ್‌ದು ಮೊದಲ.

ಗಾಜಿನ ಆಕಡೆಯಿಂದ ಕೈಸನ್ನಿ ಬಂತು. ಲಗು ಲಗು ಹೇಳತೀನಿ.

ಆನ್‌ಲೈನ್ ಮ್ಯಾಲೆ ಒಂದೊಂದ ಭಾಗ ತರಸೋರು: ಇಂಟೆಲ್ ಪ್ರೊಸೆಸರ್ ಹೆಸರಿನ ಕೊನಿಗೆ ಎಫ್ ಇದ್ರ ಅದರಾಗ ಗ್ರಾಫಿಕ್ಸ್ ಇರಂಗಿಲ್ಲ. ಬ್ಯಾರೆ ಕಾರ್ಡ್ ಹಾಕಲಿಲ್ಲಂದ್ರ ಪರದೆ ಕರ್ರಗ. ವಾರಕ್ಕೊಬ್ಬ ಹುಡುಗ ಇದರ ಸಂಬಂಧ ಅಳಕೋತ ಬರತಾನ. ಸೋವಿ ಸಿಕ್ತಂತ ಭಾಳ ಹಳೇ ಸೆಕೆಂಡ್‌ಹ್ಯಾಂಡ್ ತರಬ್ಯಾಡ್ರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು, ಇಂಟೆಲ್‌ದಾಗ 8ನೇ ಪೀಳಿಗಿಕಿಂತ ಹಳೇದಕ್ಕ, ಒಂದೆರಡು ಬಿಟ್ರ, ವಿಂಡೋಸ್ 11 ಕಂಪನಿ ಒಪ್ಪಂಗಿಲ್ಲ. ರ್‍ಯಾಮ್ 16 ಜಿಬಿ, ಹಾರ್ಡ್ ಡಿಸ್ಕ್ ಬದಲಿ ಲಗು ಓಡೂ ಎಸ್‌ಎಸ್‌ಡಿ ಬೇಕ ಬೇಕು. ರ್‍ಯಾಮ್ ತುಟ್ಟಿ ಆಗೇತಿ, ನನ್ನ ಜೋಡಿ ಜಗಳಾಡಬ್ಯಾಡ್ರಿ, ಎಐ ಸಲುವಾಗಿ ದೊಡ್ಡ ದೊಡ್ಡ ಕಂಪನಿಗಳು ಮೆಮೊರಿ ಚಿಪ್ ಬಾಚಿಕೊಳ್ಳಾಕತ್ತಾವ. ಬೇಕಿದ್ರ ಸದ್ಯ 8 ಹಾಕಸ್ರಿ, ಒಂದು ಸ್ಲಾಟ್ ಖಾಲಿ ಇಡ್ರಿ. ಆದ್ರ ರ್‍ಯಾಮ್ ತುಟ್ಟಿ ಆತಂತ ಎಸ್‌ಎಂಪಿಎಸ್‌ನ್ಯಾಗ ರೊಕ್ಕ ಮುರೀಬ್ಯಾಡ್ರಿ, ಈಗ ಎಲ್ಲಾರೂ ಅದನ್ನ ಮಾಡಾಕತ್ತಾರ.

ಮಾನಿಟರ್ ಮತ್ತ ಯುಪಿಎಸ್ ಬಗ್ಗೆ ಎರಡು ಹಾಳಿ ಬರಕೊಂಡು ಬಂದಿದ್ದೆ, ಹಂಗ ಉಳದಾವ. ಬ್ಯಾಡಗಿಯವ್ರು ಯಾರರ ಕೇಳಾಕತ್ತಿದ್ರ, ಮುಚ್ಚಳ ತಗಿಯೂ ಮುಂದ ಮೂಗಿಗೆ ವಸ್ತ್ರ ಕಟಗೋರಿ, ಬ್ಲೋವರ್ ಅಂಗಳದಾಗ ಹಚ್ರಿ. ಬರತೀನ್ರಿ, ನಮಸ್ಕಾರ.