ಕರೆಂಟ್ ಟೆಂಪೊ ಬುಕ್ ಮಾಡುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ನಸುಕಿನಲ್ಲಿ ನವಿ ಮುಂಬೈಯ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಯಲ್ಲಿ ತರಕಾರಿ ತುಂಬಿಕೊಂಡು ಮುಂಬೈಯ ಮಾಟುಂಗಾ, ದಾದರ್, ಅಂಧೇರಿಯ ಹೋಟೆಲುಗಳಿಗೆ ಹೊರಡುವ ನಮ್ಮವರ ಮುಂದೆ ಈಗ ಒಂದು ಪ್ರಶ್ನೆ ಇದೆ. ಹೊಸ ವಿದ್ಯುತ್ ಪಿಕಪ್ ಬರುತ್ತದಂತೆ, ಬುಕ್ ಮಾಡುವುದೋ, ತಡೆಯುವುದೋ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರೊಳಗೆ ದಿನಕ್ಕೆ 80 ಕಿಲೋಮೀಟರ್ ಓಡಿಸುವವರಿಗೆ ಇದು ಲಾಭದ ಗಾಡಿ. ದಿನಾ ಪುಣೆಗೆ ಘಾಟ್ ಹತ್ತುವವರು ತಡೆಯಬೇಕು.

ಬಿಡುಗಡೆಯ ವೇದಿಕೆಯ ಮೇಲೆ ಹೇಳಿದ ಲೆಕ್ಕವೇ ಗಾಡಿಯ ಜೊತೆ ಮನೆಗೆ ಬರುತ್ತದೆ ಎಂದುಕೊಳ್ಳಬೇಡಿ. ಅಮೆರಿಕದ ಟೆಸ್ಲಾ 2019ರಲ್ಲಿ ಸೈಬರ್‌ಟ್ರಕ್ ತೋರಿಸಿದಾಗ ಆರಂಭದ ಬೆಲೆ 39,900 ಡಾಲರ್, ಮೇಲಿನ ಮಾದರಿಗೆ 500 ಮೈಲಿ ಓಟ ಎಂದಿತ್ತು. 2023ರ ನವೆಂಬರ್‌ನಲ್ಲಿ ಗಾಡಿ ಕೊಡಲು ಶುರುಮಾಡಿದಾಗ ಆರಂಭದ ಬೆಲೆ 60,990 ಡಾಲರ್ ಆಗಿತ್ತು, ಓಟ 340 ಮೈಲಿ ದಾಟಲಿಲ್ಲ. ನಮ್ಮಲ್ಲಿ 2022ರಲ್ಲಿ ಬಂದ ಟಾಟಾ ಏಸ್ ಇವಿಯನ್ನು ನೋಡಿ. ಬ್ಯಾಟರಿಯಲ್ಲಿ ಹಿಡಿಯುವ ಕರೆಂಟ್ 21.3 ಯೂನಿಟ್, ಪ್ರಮಾಣಪತ್ರದ ಓಟ 154 ಕಿಲೋಮೀಟರ್. ಅಂದರೆ ಯೂನಿಟ್‌ಗೆ ಏಳು ಕಿಲೋಮೀಟರ್‌ಗಿಂತ ಹೆಚ್ಚು. ಆ ಅಳತೆ ಉರುಳೆಗಳ ಮೇಲೆ, ನಿಗದಿತ ವೇಗದಲ್ಲಿ ನಡೆಯುವಂಥದ್ದು. ಅಲ್ಲಿ ಸಾಯನ್ ಸರ್ಕಲ್ಲಿನ ಟ್ರಾಫಿಕ್ಕೂ ಇಲ್ಲ, ವಾಶಿಯ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆಯ ಮೇಲಿನ ಎದುರುಗಾಳಿಯೂ ಇಲ್ಲ. ಲೋಡು ಹಾಕಿ ಓಡಿಸುವವರು ಯೂನಿಟ್‌ಗೆ ಐದು ಎಂದು ಹಿಡಿಯಲಿ. 106 ಬಂತು. ಕೊನೆಯ ಶೇಕಡ 15ನ್ನು ಮುಟ್ಟದೆ ಬಿಟ್ಟರೆ ಕೈಗೆ ಸಿಗುವುದು 90. ಹೊಸ ಗಾಡಿಯ ಕಾಗದ ಬಂದಾಗಲೂ ಇದೇ ಲೆಕ್ಕ ಹಾಕಿ ನೋಡಿ.

ಘಾಟ್ ವಿಷಯಕ್ಕೆ ಬರೋಣ. ಪುಣೆಯ ದಾರಿಯಲ್ಲಿ ಖೋಪೋಲಿಯಿಂದ ಲೋಣಾವಳಕ್ಕೆ ಸುಮಾರು 550 ಮೀಟರ್ ಏರಬೇಕು. ಲೋಡು ಸೇರಿ ಮೂರು ಟನ್ ತೂಗುವ ಪಿಕಪ್‌ನ್ನು ಅಷ್ಟು ಎತ್ತಲು ನಾಲ್ಕೂವರೆ ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿದರೆ ಐದು ದಾಟುತ್ತದೆ. ಇಷ್ಟು ತೂಕದ ಗಾಡಿ ಸಮತಟ್ಟಿನಲ್ಲಿ ಯೂನಿಟ್‌ಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೂ ವಾಶಿಯಿಂದ ಪುಣೆಗೆ, ಅಂದರೆ 120 ಕಿಲೋಮೀಟರಿಗೆ, ಒಟ್ಟು 35 ಯೂನಿಟ್ ಆಯಿತು. 21 ಯೂನಿಟ್‌ನ ಬ್ಯಾಟರಿ ಅಷ್ಟು ದೂರ ಬಾರದು. ಓವರ್‌ಲೋಡ್ ಮಾಡಿ ಹತ್ತಿಸಿದರೆ ಇನ್ನೊಂದು ತೊಂದರೆ. ಮೋಟಾರು, ಕಂಟ್ರೋಲರ್ ಕಾದು, ಗಾಡಿ ತಾನೇ ಶಕ್ತಿ ಇಳಿಸಿಕೊಂಡು ತೆವಳತೊಡಗುತ್ತದೆ. ಇಳಿಯುವಾಗ ಚಕ್ರಗಳಿಂದ ಬ್ಯಾಟರಿಗೆ ಒಂದಿಷ್ಟು ಕರೆಂಟ್ ಮರಳುತ್ತದೆ, ನಿಜ. ಆದರೆ ಲೋಣಾವಳದಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿದರೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅಲ್ಲಿ 80ಕ್ಕೆ ನಿಲ್ಲಿಸಿ.

ಟೋಲಿನ ಬಗ್ಗೆ ತಪ್ಪು ತಿಳಿವಳಿಕೆ ಬೇಡ. ಅಟಲ್ ಸೇತು, ಎಕ್ಸ್‌ಪ್ರೆಸ್‌ವೇಗಳ ಮೇಲೆ 2025ರಲ್ಲಿ ರಾಜ್ಯ ಸರ್ಕಾರ ಕೊಟ್ಟ ಮಾಫಿ ವಿದ್ಯುತ್ ಕಾರು, ಬಸ್ಸುಗಳಿಗೆ. ಸರಕಿನ ಗಾಡಿಗೆ ಇಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ ಟ್ರಕ್ ಸಹಾಯಧನವೂ ಮೂರೂವರೆ ಟನ್‌ಗಿಂತ ಮೇಲಿನವಕ್ಕೆ ಮಾತ್ರ.

ಓಟಕ್ಕಿಂತ ದೊಡ್ಡ ಪ್ರಶ್ನೆ, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು. ಡೀಸೆಲ್ ಪಿಕಪ್ ಲೀಟರಿಗೆ 12 ಕೊಡುತ್ತದೆ, ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಏಳೂವರೆ ರೂಪಾಯಿ. ಸ್ವಂತ ಪ್ಲಗ್ಗಿನಲ್ಲಿ ಯೂನಿಟ್‌ಗೆ 10 ರೂಪಾಯಿ ಆದರೆ, ಚಾರ್ಜಿಂಗ್ ನಷ್ಟ ಸೇರಿಸಿ, ಕಿಲೋಮೀಟರಿಗೆ 2 ರೂಪಾಯಿ 20 ಪೈಸೆ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ 20 ರೂಪಾಯಿ ಕೊಟ್ಟರೆ 4 ರೂಪಾಯಿ 40 ಪೈಸೆ. ತಿಂಗಳಿಗೆ 2,000 ಕಿಲೋಮೀಟರ್ ಓಡಿದರೆ ಮೊದಲನೆಯದರಲ್ಲಿ 10,600 ರೂಪಾಯಿ ಉಳಿಯುತ್ತದೆ, ಎರಡನೆಯದರಲ್ಲಿ 6,200. ಡೀಸೆಲ್ ಗಾಡಿಗಿಂತ ಹೆಚ್ಚಾಗುವ ಸಾಲದ ಕಂತು ಕಟ್ಟಲು ಸಾಲುವುದು ಹೆಚ್ಚಾಗಿ ಮೊದಲನೆಯದೇ.

ಆದ್ದರಿಂದ ಗಾಡಿಗಿಂತ ಮೊದಲು ಪ್ಲಗ್ ನೋಡಿಕೊಳ್ಳಿ. ಗಾಲಾದ, ಅಂದರೆ ಅಂಗಡಿ ಮಳಿಗೆಯ, ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಓದಿ. ಫ್ರಿಜ್, ಲೈಟು, ತಕ್ಕಡಿ ಎಲ್ಲ ಕಳೆದು ಮೂರೂವರೆ ಕಿಲೋವ್ಯಾಟ್ ಉಳಿಯದಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. 16 ಆಂಪಿಯರ್ ಪ್ಲಗ್ಗಿನಲ್ಲಿ 21 ಯೂನಿಟ್ ತುಂಬಲು ಏಳು ತಾಸು ಬೇಕು. ಏಳು ತಾಸು ಎಡೆಬಿಡದೆ ಕರೆಂಟ್ ಎಳೆದರೆ ಸಡಿಲ ಸಾಕೆಟ್ಟು, ಎಕ್ಸ್‌ಟೆನ್ಶನ್ ಬೋರ್ಡು ಕರಗುತ್ತವೆ. ಮೀಟರಿನಿಂದ ಬೇರೆಯೇ 4 ಚದರ ಮಿಲಿಮೀಟರ್ ತಾಮ್ರದ ವೈರು, ಕರೆಂಟ್ ಮಿತಿ ಮೀರಿದರೆ ಕಡಿಯುವ 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಇಷ್ಟು ಬೇಕೇ ಬೇಕು. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಕೆಟ್ಟಿದ್ದರೆ ಚಾರ್ಜರು ಮತ್ತೆ ಮತ್ತೆ ನಿಲ್ಲುತ್ತದೆ, ಜನ ಗಾಡಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಮಳೆಗಾಲದ ಭಯ ಸಹಜವೇ. ಬ್ಯಾಟರಿ ಪೆಟ್ಟಿಗೆಗೆ ಹೇಳುವ ಐಪಿ 67 ಎಂದರೆ ಒಂದು ಮೀಟರ್ ನೀರಲ್ಲಿ ಅರ್ಧ ತಾಸು ಮುಳುಗಿಸಿದರೂ ಒಳಗೆ ನೀರು ಹೋಗದು ಎಂಬ ಪರೀಕ್ಷೆ. ಅದು ಹೊಸ ಪೆಟ್ಟಿಗೆಯ ಮಾತು. ನಾಲ್ಕು ವರ್ಷ ಗುಂಡಿ ಹಾರಿದ ಸೀಲಿಗೆ ಆ ಭರವಸೆ ಇಲ್ಲ. ಗಾಂಧಿ ಮಾರ್ಕೆಟ್ ಬಳಿ ನೀರಲ್ಲಿ ನಿಂತ ಗಾಡಿಯನ್ನು ಆ ರಾತ್ರಿ ಪ್ಲಗ್ಗಿಗೆ ಹಾಕಲೇಬೇಡಿ. ಕರೆಂಟ್ ಎಲ್ಲೂ ಸೋರುತ್ತಿಲ್ಲ ಎಂದು ಇನ್ಸುಲೇಶನ್ ಪರೀಕ್ಷೆ ಮಾಡಿಸಿದ ಮೇಲೆ ಹಾಕಿ.

ವಾರಂಟಿ ಎಷ್ಟು ವರ್ಷ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಬ್ಯಾಟರಿಯ ಸಾಮರ್ಥ್ಯ ಶೇಕಡ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತೀರಿ, ನೀರು ಹೊಕ್ಕಿದ್ದಕ್ಕೆ ಅನ್ವಯಿಸುತ್ತದೆಯೇ, ಗಾಡಿ ಮಾರಿದರೆ ಮುಂದಿನವರಿಗೆ ಹೋಗುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಟೆಸ್ಟ್ ಡ್ರೈವಿಗೆ ಖಾಲಿ ಗಾಡಿ ಒಪ್ಪಬೇಡಿ. ನಿಮ್ಮ ಈರುಳ್ಳಿ ಮೂಟೆ ಹಾಕಿ, ನಿಮ್ಮ ದಾರಿಯಲ್ಲೇ ಓಡಿಸಿ, ಹೊರಡುವಾಗ, ಮರಳಿದಾಗ ಮೀಟರಿನ ಶೇಕಡವನ್ನೂ ಕಿಲೋಮೀಟರನ್ನೂ ಬರೆದುಕೊಳ್ಳಿ. ಅದಕ್ಕೆ ಡೀಲರು ಒಪ್ಪುವ ತನಕ ಬುಕಿಂಗ್ ಹಣ ಕಿಸೆಯಲ್ಲೇ ಇರಲಿ.

ನಮಸ್ಕಾರ.