ಸಂದರ್ಶನದ ಕೋಣೆಯಲ್ಲಿ ಅಂದಾಜೆಷ್ಟು, ಆಧಾರವೆಷ್ಟು?

ಕೇಳುಗರಿಗೆ ನಮಸ್ಕಾರ.

‘ಒಳಗೆ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲೇ ಆಳು ಎಂಥವನೆಂದು ಗೊತ್ತಾಗಿಬಿಡುತ್ತದೆ.’ ನೇಮಕಾತಿ ಮಾಡಿ ಪಳಗಿದ ಹಿರಿಯರು ಹೆಮ್ಮೆಯಿಂದ ಆಡುವ ಮಾತಿದು. ನನಗೆ ಈ ಹೆಮ್ಮೆಯ ಮೇಲೆ ನಂಬಿಕೆಯಿಲ್ಲ. ಏಕೆಂದು ಹೇಳುತ್ತೇನೆ.

1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸುಮಾರು 800 ಅಭ್ಯರ್ಥಿಗಳನ್ನು ಸಂದರ್ಶಿಸಿ, ಪಟ್ಟಿಯ ಮೇಲ್ಭಾಗದಿಂದ 150 ಮಂದಿಯನ್ನು ಆರಿಸಿಕೊಂಡಿತು. ಅಷ್ಟರಲ್ಲಿ ಇನ್ನೂ 50 ಸೀಟು ತುಂಬಬೇಕೆಂದು ರಾಜ್ಯದ ಶಾಸನಸಭೆ ಹೇಳಿತು. ಒಳ್ಳೆಯ ಸ್ಥಾನ ಪಡೆದವರು ಆಗಲೇ ಬೇರೆಡೆ ಸೇರಿಯಾಗಿತ್ತು. ಕೈಗೆ ಸಿಕ್ಕಿದ್ದು ಪಟ್ಟಿಯಲ್ಲಿ 700ನೇ ಸ್ಥಾನದಿಂದ ಕೆಳಗಿದ್ದವರು. ಅವರಲ್ಲಿ ಹೆಚ್ಚಿನವರನ್ನು ಬೇರೆ ಯಾವ ವೈದ್ಯಕೀಯ ಕಾಲೇಜೂ ಸೇರಿಸಿಕೊಂಡಿರಲಿಲ್ಲ. ಮುಂದೆ ಸಂಶೋಧಕರು ಎರಡೂ ಗುಂಪುಗಳನ್ನು ಹೋಲಿಸಿ ನೋಡಿದರು. ತರಗತಿಯ ಓದು, ವಾರ್ಡಿನ ಕೆಲಸ, ಪದವಿಯ ನಂತರದ ಮೊದಲ ವರ್ಷದ ತರಬೇತಿ, ಎಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯಲ್ಲಿ ಅವರನ್ನು ಮೇಲೆ ಕೆಳಗೆ ಮಾಡಿದ್ದು ಬಹುಮಟ್ಟಿಗೆ ಸಂದರ್ಶಕರ ಅಭಿಪ್ರಾಯವೇ.

ಹಾಗೆಂದು ಸಂದರ್ಶನವನ್ನೇ ಕೈಬಿಡಬೇಕೆ? ನಮ್ಮ ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಅದನ್ನು ಕೈಬಿಟ್ಟಿದೆ. ಅಲ್ಲಿ ಶಿಫಾರಸು, ಲಂಚದ ಕಾಟವೂ ಇತ್ತೆನ್ನಿ. ಆದರೆ ಖಾಸಗಿ ಸಂಸ್ಥೆಗಳಿಗೆ ಇನ್ನೊಂದು ದಾರಿಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿ ವಿಧಾನಗಳ ಬಗ್ಗೆ ನಡೆದ ದಶಕಗಳ ಅಧ್ಯಯನಗಳನ್ನು ಮರುಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮುಂದಿನ ಕೆಲಸದ ಗುಣಮಟ್ಟವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಕ್ರಮಬದ್ಧ ಸಂದರ್ಶನ. ಜಾಹೀರಾತುಗಳಲ್ಲಿ ನಾವು ತಪ್ಪದೆ ಕೇಳುವ ‘ಇಷ್ಟು ವರ್ಷಗಳ ಅನುಭವ’ ತೀರ ಕೆಳಗಿತ್ತು.

ಕ್ರಮಬದ್ಧ ಎಂದರೆ ದೊಡ್ಡ ವಿದ್ಯೆಯೇನಲ್ಲ. ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಸರದಿ. ‘ನಿಮ್ಮ ಬಗ್ಗೆ ಹೇಳಿ’ ಎನ್ನುವ ಬದಲು, ‘ಹಣ ಕಟ್ಟಿದ ಗ್ರಾಹಕರೊಬ್ಬರು ರಸೀದಿ ಬಂದಿಲ್ಲವೆಂದು ಕೌಂಟರಿನಲ್ಲಿ ಕೂಗಾಡುತ್ತಿದ್ದಾರೆ, ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿ. ಯಾವ ಉತ್ತರಕ್ಕೆ ಎಷ್ಟು ಅಂಕವೆಂದು ಮೊದಲೇ ಬರೆದಿಡಿ. ಲೆಕ್ಕಿಗರು ಬೇಕಿದ್ದರೆ ಹತ್ತು ಬಿಲ್ಲುಗಳನ್ನು ಮುಂದಿಟ್ಟು ತಾಳೆ ನೋಡಲು ಹೇಳಿ. ಸಂದರ್ಶಕರು ಒಬ್ಬರಿಗೊಬ್ಬರು ಮಾತನಾಡಿಕೊಳ್ಳುವ ಮೊದಲೇ ತಮ್ಮ ತಮ್ಮ ಅಂಕ ಬರೆಯಲಿ. ಇಲ್ಲವಾದರೆ ಸಾಹೇಬರ ಮುಖ ನೋಡಿ ಅಂಕ ಬೀಳುತ್ತದೆ!

ಇನ್ನು, ಹೆಸರು, ಊರು, ಜಾತಿ ಊಹಿಸಿ ‘ನಮ್ಮವರು’ ಎನ್ನುವ ಚಾಳಿಯಿದೆಯಲ್ಲ, ಅಂಕದ ಹಾಳೆ ಅದನ್ನು ಪೂರ್ತಿ ತಡೆಯಲಾರದು. ಆದರೆ ಯಾರು, ಯಾವ ಉತ್ತರಕ್ಕೆ, ಎಷ್ಟು ಕೊಟ್ಟರೆಂಬುದು ಕಡತದಲ್ಲಿ ಉಳಿಯುತ್ತದೆ. ವರ್ಷ ಕಳೆದ ಮೇಲೆ ಆ ಹಾಳೆಯನ್ನು ತೆಗೆದು, ಸೇರಿದವರ ಕೆಲಸದೊಡನೆ ಹೋಲಿಸಿ. ತಾಳೆಯಾಗದ ಪ್ರಶ್ನೆಗಳನ್ನು ಮುಂದಿನ ನೇಮಕಾತಿಗೆ ಮೊದಲು ತೆಗೆದುಹಾಕಿ. ನಮಸ್ಕಾರ.