ಶಿಬಿರ ಮುಗಿದ ಮೇಲೆ ಉಳಿಯುವ ಕಡತ

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಪ್ರತಿ ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಲೇಬೇಕು ಎಂದು ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಹೇಳುತ್ತವೆ. ಉಸ್ತುವಾರಿಗೆ ಒಬ್ಬ ಹಿರಿಯ ಅಧ್ಯಾಪಕರು, ಕೆಲಸಕ್ಕೆ ಕೊನೆಯ ವರ್ಷದ ವಿದ್ಯಾರ್ಥಿಗಳು, ಜೊತೆಗೆ ಕಾನೂನು ಸೇವಾ ಪ್ರಾಧಿಕಾರದ ಸಹಕಾರ. ಬೋರ್ಡು ತೂಗುಹಾಕುವುದು ಸುಲಭ. ಬಾಗಿಲು ವಾರದಲ್ಲಿ ಎಷ್ಟು ಗಂಟೆ ತೆರೆದಿರುತ್ತದೆ, ಹೋದ ವರ್ಷ ಬಂದವರ ಅರ್ಜಿ ಏನಾಯಿತು ಎಂದು ಕೇಳಿದಾಗಲೇ ಕೇಂದ್ರದ ನಿಜಸ್ಥಿತಿ ಗೊತ್ತಾಗುವುದು. ಹಳ್ಳಿಯಲ್ಲಿ ಅರಿವು ಶಿಬಿರ ಮಾಡಬೇಕು, ನಿಜ. ಆದರೆ ಭಾಷಣ ಮುಗಿದು ಬ್ಯಾನರ್ ಮಡಚುವ ಹೊತ್ತಿಗೆ ಕಾಗದಪತ್ರ ಹಿಡಿದು ಹತ್ತಿರ ಬರುತ್ತಾರಲ್ಲ, ನಮ್ಮ ಕೆಲಸ ಶುರುವಾಗುವುದು ಅವರಿಂದ.

ಮೊದಲು ನಮ್ಮ ಮಿತಿ ತಿಳಿದಿರಲಿ. 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು, ಅಂದರೆ ವಕೀಲರಾಗಿ ನೋಂದಣಿ, ಇಲ್ಲದವರು ವಕೀಲಿಕೆ ಮಾಡುವಂತಿಲ್ಲ. 32ನೇ ಕಲಮಿನಲ್ಲಿ ನ್ಯಾಯಾಲಯ ಒಂದು ನಿರ್ದಿಷ್ಟ ಪ್ರಕರಣಕ್ಕೆ ಅನುಮತಿ ಕೊಡಬಹುದು. ಅದನ್ನೇ ನಂಬಿ ಕೇಂದ್ರ ನಡೆಸಲಾಗದು. ಪೂರ್ಣಾವಧಿ ಅಧ್ಯಾಪಕರೂ ವಕಾಲತ್ತು ಹಾಕುವಂತಿಲ್ಲ. ಹಾಗಾಗಿ ತಾಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲರೊಬ್ಬರು (ಉಚಿತ ನೆರವಿಗೆಂದು ಸಮಿತಿಯ ಪಟ್ಟಿಯಲ್ಲಿರುವವರು) ತಿಂಗಳಿಗೆ ಎರಡು ಸಲವಾದರೂ ಬಂದು ಕಡತ ನೋಡುವ ಏರ್ಪಾಡು ಮೊದಲೇ ಆಗಿರಬೇಕು. ಪಿಂಚಣಿ, ಪಡಿತರ ಚೀಟಿ, ಮಾಹಿತಿ ಹಕ್ಕು, ಸಕಾಲ ಅರ್ಜಿಗಳಿಗೆ ನೆರವಾಗಲು ಸನ್ನದು ಬೇಕಿಲ್ಲ. ಹೆಚ್ಚಿನ ಜನ ಬರುವುದೂ ಇಂಥ ಕೆಲಸಕ್ಕೇ.

ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಉಚಿತ ವಕೀಲರು ಬೇಕೆಂದು ಬಂದ ಹೆಣ್ಣುಮಗಳಿಗೆ ವಿದ್ಯಾರ್ಥಿ ಆದಾಯ ಪ್ರಮಾಣಪತ್ರ ತರಲು ಹೇಳುತ್ತಾನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಓದಿ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ನಾವು ಕೇಳಬಾರದ್ದನ್ನು ಕೇಳಿದ್ದಕ್ಕೆ ಆಕೆ ನಾಡಕಚೇರಿಗೆ ಅಲೆದು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾಳೆ.

ಅಹವಾಲು ಕೇಳುವಾಗ ಇಬ್ಬರು ವಿದ್ಯಾರ್ಥಿಗಳು ಕೂರಬೇಕು, ಒಬ್ಬರು ಮಾತಿಗೆ, ಒಬ್ಬರು ಬರವಣಿಗೆಗೆ. ಮೊದಲ ಹತ್ತು ನಿಮಿಷ ನಡುವೆ ಬಾಯಿ ಹಾಕಬೇಡಿ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿರುವ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿ ಹೆಸರುಗಳನ್ನು ತಾಳೆ ನೋಡಿ. ಪಹಣಿಯಲ್ಲಿ ‘ಕೆಂಚಪ್ಪ ಬಿನ್ ಮಾದಪ್ಪ’, ಆಧಾರಿನಲ್ಲಿ ‘ಕೆಂಚಯ್ಯ ಎಂ’, ಮರಣ ಪ್ರಮಾಣಪತ್ರದಲ್ಲಿ ಬರೀ ‘ಕೆಂಚ’ ಎಂದಿರುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದು, ನಿಂತಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ವಿಧವಾ ವೇತನ ಮಂಜೂರಾಗಿದೆ, ದುಡ್ಡು ಮಾತ್ರ ಬರುತ್ತಿಲ್ಲ ಎಂದರೆ, ‘ಬೇರೆ ಬ್ಯಾಂಕಲ್ಲಿ ಖಾತೆ ತೆಗೆಸಿದ್ರಾ ಅವ್ವ?’ ಎಂದು ಕೇಳಿ. ಸಂಘದ ಸಾಲಕ್ಕೆಂದು ತೆರೆದ ಖಾತೆಗೆ ಆಧಾರ್ ಜೋಡಣೆಯಾಗಿ, ಹಣ ಅಲ್ಲಿಗೆ ಹೋಗುತ್ತಿರಬಹುದು. ಅಸಲು ಕಾಗದ ಒಂದನ್ನೂ ಇಟ್ಟುಕೊಳ್ಳಬೇಡಿ. ನಕಲು ತೆಗೆದು ಅಲ್ಲೇ ಕೈಗೆ ಕೊಟ್ಟು, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಸೆಮಿಸ್ಟರ್ ರಜೆಯಲ್ಲಿ ಕಾಲೇಜಿನ ಕಪಾಟಿನೊಳಗೆ ಬೀಗ ಬಿದ್ದ ಅಸಲು ಮರಣ ಪ್ರಮಾಣಪತ್ರದಿಂದ ಒಂದು ಸಂಸಾರಕ್ಕೆ ಎಷ್ಟು ತೊಂದರೆ, ಯೋಚಿಸಿ.

ಇನ್ನು ಕಾಲಮಿತಿ. ಮಾಹಿತಿ ಹಕ್ಕಿನಲ್ಲಿ 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಸಂವಿಧಾನದ ಪೀಠಿಕೆಯಿಂದ ಶುರುಮಾಡಿ ಎರಡು ಪುಟ ಬರೆದರೆ ವಾಪಸು ಬರುತ್ತದೆ. ಖಾತೆ ಬದಲಾವಣೆಯ ಆದೇಶದ ವಿರುದ್ಧ ಭೂಕಂದಾಯ ಕಾಯ್ದೆಯ 136(2)ರಡಿ ಮೇಲ್ಮನವಿಗೆ 60 ದಿನ. ಕಡತದ ಹೊರಮೈ ಮೇಲೆ ಕೆಂಪು ಶಾಯಿಯಲ್ಲಿ ಕೊನೆಯ ತಾರೀಖು ಬರೆಯಿರಿ. ಅವಧಿ ಮೀರುವುದು ಹೆಚ್ಚಾಗಿ ಪರೀಕ್ಷೆಯ ತಿಂಗಳಲ್ಲಿ. ಹಳೆಯ ತಂಡ ಓದಲು ಹೋಗಿರುತ್ತದೆ, ಹೊಸ ತಂಡ ಇನ್ನೂ ಬಂದಿರುವುದಿಲ್ಲ. ಪರೀಕ್ಷೆಗೆ ಮೂರು ವಾರ ಮುಂಚೆಯೇ ಕಡತ ಕೈ ಬದಲಾಗಲಿ. ಹಳೆಯ ವಿದ್ಯಾರ್ಥಿ ಪಕ್ಕದಲ್ಲಿರುವಾಗಲೇ ಹೊಸಬರು ಕಕ್ಷಿದಾರರಿಗೆ ಫೋನ್ ಮಾಡಿ ಪರಿಚಯ ಹೇಳಿಕೊಳ್ಳಲಿ. ರಜೆಯಲ್ಲಿ ಕಡತದ ಹೊಣೆ ಅಧ್ಯಾಪಕರದು.

ಜೈಲಿನ ಕೆಲಸಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರು ಅರ್ಧ ಕಳೆದಿರಬೇಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ, ಅಂದರೆ ಒಂದು ವರ್ಷ ಅಥವಾ ಒಂದೂವರೆ ವರ್ಷ. ಲೆಕ್ಕ ಸುಲಭ, ತಪ್ಪುವುದು ಬೇರೆ ಕಡೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧ ಸೇರಿದ್ದರೆ ಈ ಸೌಲಭ್ಯವಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೂ ಅಡ್ಡಿ. ಬೇರೆ ಠಾಣೆಯ ಪ್ರಕರಣ ವಿಚಾರಿಸದೆ ‘ಬಿಡುಗಡೆ ಆಗುತ್ತೆ’ ಎಂದುಬಿಟ್ಟರೆ, ಆ ಮಾತು ನಂಬಿ ಕೂತವರ ಪಾಡೇನು? ಬಂಧನದ ತಾರೀಖು, ಕಲಮುಗಳು, ಇತರ ಪ್ರಕರಣ, ಇಷ್ಟನ್ನು ಬರೆದು ಪ್ಯಾನೆಲ್ ವಕೀಲರಿಗೆ ಕೊಡಿ. ಭರವಸೆ ಕೊಡಬೇಡಿ.

ಘಟನೆ ಹೇಗಾಯಿತು ಎಂದು ಕೈದಿಯನ್ನು ಕೇಳಲೂ ಹೋಗಬೇಡಿ. ವಕೀಲರಿಗೆ ಹೇಳಿದ್ದಕ್ಕೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. ಅವರ ದುಭಾಷಿ, ಗುಮಾಸ್ತ, ನೌಕರರಿಗೂ ಅದು ಅನ್ವಯಿಸುತ್ತದೆ. ವಿದ್ಯಾರ್ಥಿ ಎಂಬ ಪದ ಅಲ್ಲಿಲ್ಲ. ನಿಮ್ಮ ನೋಟುಬುಕ್ಕು ಯಾರ ವಿರುದ್ಧವೂ ಸಾಕ್ಷಿಯಾಗಬಾರದು.

ಅಂಕದ ವಿಚಾರ. ನ್ಯೂಯಾರ್ಕ್ ರಾಜ್ಯದಲ್ಲಿ ಸನ್ನದು ಕೇಳುವವರು 50 ಗಂಟೆ ಉಚಿತ ಸೇವೆ ತೋರಿಸಬೇಕು. ಗಂಟೆಯ ಲೆಕ್ಕ ಇಡುವುದು ಸುಲಭ, ಆದರೆ ಗಂಟೆ ತುಂಬಿತೆಂದು ಕಡತ ಮುಗಿಯುವುದಿಲ್ಲ. ನಮ್ಮಲ್ಲಿ ಅಂಕ ಕೊಡುವಾಗ ವಿದ್ಯಾರ್ಥಿಯ ಕಡತವನ್ನೇ ತೆರೆದು ನೋಡಿ: ಸ್ವೀಕೃತಿ ಇದೆಯೇ, ತಾರೀಖು ತಪ್ಪಿಲ್ಲವೇ, ಮುಕ್ತಾಯ ಪತ್ರ ಇದೆಯೇ. ಆ ಪತ್ರ ಕನ್ನಡದಲ್ಲಿ ಒಂದೇ ಪುಟ ಇರಲಿ. ಏನು ಮಾಡಿದೆವು, ಏನು ಆಗಲಿಲ್ಲ, ಮುಂದೆ ಯಾವ ತಾರೀಖಿನೊಳಗೆ ಯಾವ ಕಚೇರಿಗೆ ಹೋಗಬೇಕು. ಓದಲು ಬಾರದವರಿಗೆ ಮನೆಯವರ ಎದುರು ಎರಡು ಸಲ ಓದಿ ಹೇಳಿ, ತಾರೀಖನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ.